ರಿಸಲ್ಟಿಗಿಂತ ಮೊದಲೇ ಫೇಟಾ

"ಅಲ್ಲಾಡಬ್ಯಾಡ ಅಂತ ಎಷ್ಟ ಸಲ ಹೇಳಬೇಕು?" ಎಂದ ಸುರಜ.

ಪ್ರಾಜಕ್ತಾ ಅಲ್ಲಾಡಿರಲಿಲ್ಲ. ಅಲ್ಲಾಡಿದ್ದು ಫೇಟಾ. ಅದು ಸುರಜನ ಕಾಕಾ ತನ್ನ ಮದುವೆಯಲ್ಲಿ ತಲೆಗೆ ಸುತ್ತಿಕೊಂಡಿದ್ದ ಕೇಸರಿ ರುಮಾಲು. ಐದನೇ ಇಯತ್ತೆಯ, ಅಂದರೆ ಐದನೇ ಕ್ಲಾಸಿನ, ತಲೆಗೆ ತೀರ ದೊಡ್ಡದಾಗಿತ್ತು. ಹಣೆಯಿಂದ ಜಾರಿ, ಹುಬ್ಬು ದಾಟಿ, ಈಗ ಮೂಗಿನ ಮೇಲೆ ಬಂದು ಕೂತಿತ್ತು.

"ನನಗೇನೂ ಕಾಣವಲ್ದು," ಎಂದಳು ಪ್ರಾಜಕ್ತಾ.

"ನೀ ಏನೂ ನೋಡೂದಿಲ್ಲ ಈಗ. ನಾವು ನಿನ್ನ ನೋಡೂದೈತಿ," ಎಂದು ಸುರಜ ಅವಳ ಹೆಗಲಿಗೆ ಒಂದು ಶಾಲು ಹೊದಿಸಿದ. ಕೈಗೆ ಒಂದು ತೆಂಗಿನಕಾಯಿ ಕೊಟ್ಟ. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು.

ಅವತ್ತು ಶನಿವಾರ, ಮುಂಜಾನೆ ಶಾಲೆ. ಈಶ್ವರ ಸರ್ ಆಫೀಸಿನಲ್ಲಿ ಬಿಸಿಯೂಟದ ರಜಿಸ್ಟರ್ ಬರೆಯುತ್ತ ಕೂತಿದ್ದರು. ಒಂದು ಸತ್ಕಾರ ಮಾಡಿ ಮುಗಿಸಲು ಅಷ್ಟು ಹೊತ್ತು ಸಾಕು.

ಕರೋಶಿಯಲ್ಲಿ ಯಾರಾದರೂ ಏನಾದರೂ ಗೆದ್ದರೆ ಸತ್ಕಾರ ಆಗಲೇಬೇಕು. ಸೊಸೈಟಿ ಎಲೆಕ್ಷನ್ ಗೆದ್ದವರಿಗೆ, ಕುಸ್ತಿ ಗೆದ್ದವರಿಗೆ, ಪೊಲೀಸ್ ಕೆಲಸ ಸಿಕ್ಕವರಿಗೆ, ಎಲ್ಲರಿಗೂ ಒಂದು ಶಾಲು, ಒಂದು ಕಾಯಿ, ಒಂದು ಫೇಟಾ. ಹಾಗಾದರೆ ಪ್ರಾಜಕ್ತಾ ಏನು ಗೆದ್ದಿದ್ದಳು? ಇನ್ನೂ ಏನೂ ಗೆದ್ದಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಜನವರಿಯಲ್ಲಿ ಅವಳು ಚಿಕ್ಕೋಡಿಗೆ ಹೋಗಿ ನವೋದಯ ವಸತಿ ಶಾಲೆಯ ಪರೀಕ್ಷೆ ಬರೆದು ಬಂದಿದ್ದಳು. ಪಾಸಾದರೆ ಆರನೇ ಇಯತ್ತೆಯಿಂದ ಅಲ್ಲೇ ಇರುವುದು, ಅಲ್ಲೇ ಓದುವುದು. ಇರುವುದು ಎಂಬತ್ತು ಸೀಟು. ಬರೆದವರು ಸಾವಿರಾರು ಮಕ್ಕಳು. ಆದರೆ ಕರೋಶಿಯ ಐದನೇ ಇಯತ್ತೆಯ ಲೆಕ್ಕವೇ ಬೇರೆ. ಪ್ರಾಜಕ್ತಾ ಪ್ರತಿ ಟೆಸ್ಟಿನಲ್ಲೂ ಫಸ್ಟ್. ಆದ್ದರಿಂದ ಸೀಟು ಪಕ್ಕಾ. ರಿಸಲ್ಟು ಮುಂದಿನ ವಾರ ಬಂದರೇನು, ಸತ್ಕಾರ ಈ ವಾರ ಆದರೇನು?

ಸುರಜ ನೀರಿನ ಬಾಟಲಿಯನ್ನು ಮೈಕಿನ ಹಾಗೆ ಬಾಯಿಗೆ ಹಿಡಿದ. "ನಮ್ಮ ಪ್ರಾಜಕ್ತಾ ನವೋದಯಕ್ಕ ಹೊಂಟಾಳ. ಅಲ್ಲಿಂದ ಡಾಕ್ಟರ್ ಕಾಲೇಜಿಗಿ ಹೋಗ್ತಾಳ. ಅಲ್ಲಿಂದ ಐಐಟಿಗಿ ಹೋಗ್ತಾಳ. ಅಲ್ಲಿಂದ ಸೀದಾ ಡಿಸಿ ಆಗ್ತಾಳ."

"ಡಾಕ್ಟರ್ ಆದ ಮ್ಯಾಲೆ ಐಐಟಿ ಯಾಕಲೇ?" ಎಂದು ಕೇಳಿದಳು ಮನಿಷಾ. ಅವಳು ಪ್ರಾಜಕ್ತಾಳ ಬೆಂಚಿನ ಗೆಳತಿ. ಎಲ್ಲವನ್ನೂ ಒಮ್ಮೆ ತಿರುಗಿಸಿ ನೋಡುವ ಹುಡುಗಿ.

"ಮಾರ್ಕ್ಸ್ ಬೀಳ್ತಾವಲ್ಲ ಆಕಿಗಿ? ಎರಡೂ ಮಾಡ್ಲಿ ಬಿಡು," ಎಂದ ಸುರಜ. ಮನಿಷಾ ತಿರುಗಿಸಿ ನೋಡಿದಳು, ಅದೂ ಸರಿಯೇ ಅನ್ನಿಸಿತು.

ಇಷ್ಟಕ್ಕೇ ಮುಗಿಯಲಿಲ್ಲ. ಸತ್ಕಾರ ಆದ ಮೇಲೆ ಅರ್ಜಿ ಕೊಡುವುದೂ ಊರಿನ ಪದ್ಧತಿ. ಗೆದ್ದವರ ಕೊರಳಿಗೆ ಹಾರ ಬೀಳುವಷ್ಟರಲ್ಲಿ ಕೈಗೆ ಕಾಗದ ಬಂದಿರುತ್ತದೆ. ಮಕ್ಕಳೂ ನೋಟ್‌ಬುಕ್ಕಿನ ಹಾಳೆ ಹರಿದು, ಬರೆದು ತಂದಿದ್ದರು. ಎಲ್ಲರದೂ ಒಂದೇ ಮಾತು. "ನೀ ಒಳಗ ಹೋದ ಮ್ಯಾಲೆ ನಮ್ಮದೂ ಸ್ವಲ್ಪ ವಶೀಲಿ ಹಚ್ಚು. ಅಲ್ಲಿ ಸರ್‌ಗೆ ಒಂದು ಮಾತು ಹೇಳು."

ಸುರಜನಿಗೆ ಪರೀಕ್ಷೆ ಇಲ್ಲದ ಒಂದು ಸೀಟು ಬೇಕಾಗಿತ್ತು. ಮನಿಷಾಗೆ ಪ್ರಾಜಕ್ತಾಳ ಬಾಜೂಕೇ ಜಾಗ ಬೇಕಾಗಿತ್ತು. ಕೊನೇ ಬೆಂಚಿನ ಭರಮುಗೆ ಅಡಿಗೆಮನೆಯ ಹತ್ತಿರದ ರೂಮು. "ಅಲ್ಲಿ ರವಿವಾರಕ್ಕೊಮ್ಮೆ ಪೂರಿ ಮಾಡ್ತಾರಂತ," ಎಂದ ಭರಮು, ಮೆಲ್ಲಗೆ.

ಪ್ರಾಜಕ್ತಾ ಫೇಟಾವನ್ನು ಎರಡೂ ಕೈಯಿಂದ ಮೇಲೆತ್ತಿದಳು. "ಕೇಳ್ರಿಲ್ಲಿ. ನಂದು ಹೋಗೇತಿ. ಪರೀಕ್ಷಾ ಕೆಟ್ಟ ಆಗೇತಿ. ಖರೇನ."

ಎಲ್ಲರೂ ಹೋ ಎಂದು ನಕ್ಕರು.

"ಬಂತ ನೋಡು. ಇಲ್ಲೀತನಕಾ ಯಾಕ ಬರಲಿಲ್ಲ ಅಂತ ನೋಡಾಕತ್ತಿದ್ದೆ," ಎಂದ ಸುರಜ.

ಅವರು ನಗುವುದಕ್ಕೆ ಕಾರಣ ಇತ್ತು. ಮೂರನೇ ಇಯತ್ತೆಯಿಂದಲೂ ಪ್ರಾಜಕ್ತಾ ಪ್ರತಿ ಟೆಸ್ಟು ಮುಗಿಸಿ ಹೊರಗೆ ಬಂದ ಕೂಡಲೇ ಮುಖ ಸಣ್ಣ ಮಾಡಿ, "ಹೋತು, ನಂದು ಪೂರಾ ಹೋತು," ಎನ್ನುತ್ತಿದ್ದಳು. ಸಂಜೆಗೆ ಪೇಪರ್ ಕೈಗೆ ಬಂದರೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಚಲೋ ಆಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಎಲ್ಲಿ ದೃಷ್ಟಿ ಬೀಳುತ್ತದೋ ಎಂಬ ಹೆದರಿಕೆ ಅವಳಿಗೆ. ಹೋಯಿತು ಎಂದರೆ ನಾಲ್ಕು ಜನ ಬಂದು ಸಮಾಧಾನ ಮಾಡುತ್ತಾರೆ, ಅದೂ ಒಂದು ಸುಖವೇ. ಭರಮು ಅಂತೂ ಶಾಲೆಯಲ್ಲಿ ಕೊಟ್ಟ ಚಿಕ್ಕಿಯಲ್ಲಿ ಅರ್ಧ ಮುರಿದು ಅವಳ ಕೈಗಿಡುತ್ತಿದ್ದ.

ಈ ಸಲ ಮಾತ್ರ ಖರೇನೇ ಹೋಗಿತ್ತು. ಉತ್ತರದ ಹಾಳೆಯಲ್ಲಿ ಪ್ರತಿ ಪ್ರಶ್ನೆಗೂ ಒಂದು ಸಾಲು ದುಂಡುಗಳು. ಸರಿಯಾದ ದುಂಡು ತುಂಬಬೇಕು, ಅದೂ ಪೆನ್ನಿನಲ್ಲಿ. ಪ್ರಾಜಕ್ತಾ ಒಂದು ಕಠಿಣ ಲೆಕ್ಕವನ್ನು ಆಮೇಲೆ ಮಾಡೋಣವೆಂದು ಬಿಟ್ಟಳು. ಆದರೆ ಅದರ ದುಂಡಿನ ಸಾಲು ಬಿಡುವುದನ್ನು ಮರೆತಳು. ಅಲ್ಲಿಂದ ಮುಂದಿನ ಹದಿನೆಂಟು ಉತ್ತರ ಒಂದೊಂದು ಸಾಲು ಮೇಲೆ ಹೋಗಿ ಕೂತವು. ಅದು ಅವಳ ಕಣ್ಣಿಗೆ ಬೀಳುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವತ್ತು ಮನೆಯಲ್ಲಿ ಅಜ್ಜಿ ಗಿರಿಜವ್ವನಿಗೆ ಹೇಳಲು ಹೋದಳು. ಅವಳನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಆಯಿ ಆಗಲೇ ಒಂದು ಹೊಸ ಟ್ರಂಕು ತರಿಸಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಪ್ರಾಜಕ್ತಾಳ ಹೆಸರು ಬರೆಸಿದ್ದಳು.

"ಆಯಿ, ನನಗ ಸೀಟು ಸಿಗೂದಿಲ್ಲ."

"ಹಂಗ ಅನ್ನಬಾರದು. ಹೆಸರ ಇನ್ನೂ ಒಣಗಿಲ್ಲ, ಮುಟ್ಟಬ್ಯಾಡ," ಎಂದಳು ಆಯಿ.

ಗುರುವಾರ ಮಧ್ಯಾಹ್ನ ಈಶ್ವರ ಸರ್ ಪ್ರಾಜಕ್ತಾಳನ್ನು ಆಫೀಸಿಗೆ ಕರೆದರು. ಮೊಬೈಲಿನಲ್ಲಿ ಅವಳ ನಂಬರು ಹಾಕಿ ನೋಡಿದರು. ಇನ್ನೊಮ್ಮೆ ಹಾಕಿ ನೋಡಿದರು.

"ಇಲ್ಲವ್ವಾ," ಎಂದರು. "ನಿನ್ನ ಹೆಸರ ಬಂದಿಲ್ಲ."

ಗೊತ್ತಿದ್ದ ಮಾತೇ. ಆದರೂ ಪ್ರಾಜಕ್ತಾ ತಾನೂ ಒಮ್ಮೆ ಮೊಬೈಲಿನಲ್ಲಿ ಇಣುಕಿ ನೋಡಿದಳು. ಇದು ಒಂದೇ ಸಲ ಬರೆಯುವ ಪರೀಕ್ಷೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಕ್ಲಾಸಿಗೆ ಹೋಗದೆ, ಸರ್‌ಗೆ ಹೇಳಿ ಸೀದಾ ಮನೆಗೆ ಬಂದಳು.

ಆಯಿ ಸುದ್ದಿಯನ್ನು ಪೂರ್ತಿ ಕೇಳಿದಳು. ಆಮೇಲೆ ಟ್ರಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿ, "ಬ್ಯಾಸಿಗಿ ಶ್ಯಾವಿಗಿ ಇಡಾಕ ದೊಡ್ಡ ಡಬ್ಬಿ ಇರಲಿಲ್ಲ. ಇದು ಆಗ್ತೈತಿ," ಎಂದಳು. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ಕೆಟ್ಟ ಅನಸಾಕತ್ತೈತಿ?"

"ಹೂಂ."

"ಅನಸ್ಲಿ. ಇವತ್ತು ಪೂರಾ ಅನಸ್ಲಿ. ನಾಳೆ ಸಾಲಿಗಿ ಹೋಗು."

ಪ್ರಾಜಕ್ತಾ ಆಯಿಯ ಸೀರೆಯಲ್ಲಿ ಮುಖ ಇಟ್ಟು ಚೆನ್ನಾಗಿ ಅತ್ತಳು. ಸೀಟು ಸಿಗಲಿಲ್ಲವೆಂದು ಅರ್ಧ ಅಳು. ಇನ್ನರ್ಧ ಆ ಫೇಟಾ ನೆನಪಾಗಿ.

ಮರುದಿನ ಅವಳು ಒಂದು ಕೈಚೀಲ ಹಿಡಿದು ಶಾಲೆಗೆ ಹೊರಟಳು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂತು. ಅದು ದಾಟಿ ಹೋಗುವವರೆಗೆ ಬದಿಗೆ ನಿಂತಳು. ಇನ್ನೊಂದು ಬರಲಿ ಎಂದು ಮತ್ತೂ ನಿಂತಳು. ದಿನಾ ಸಾಲುಗಟ್ಟಿ ಬರುವ ಟ್ರ್ಯಾಕ್ಟರುಗಳು ಅವತ್ತು ಇನ್ನೊಂದೂ ಬರಲಿಲ್ಲ.

ಕ್ಲಾಸಿಗೆ ಹೋದವಳೇ ಚೀಲವನ್ನು ಟೇಬಲ್ ಮೇಲೆ ಬರಿದು ಮಾಡಿದಳು. "ಫೇಟಾ. ಶಾಲು. ಕಾಯಿ. ನಿಮ್ಮ ಅರ್ಜಿ ಎಲ್ಲಾ ಇಲ್ಲೇ ಅದಾವ. ತಗೋರಿ. ನನಗ ಸೀಟು ಸಿಗಲಿಲ್ಲ."

"ಚ್ಯಾಷ್ಟಿ ಮಾಡಬ್ಯಾಡ," ಎಂದ ಸುರಜ.

"ಖರೇನ ಹೇಳಾಕತ್ತೀನಿ. ಸರ್‌ನ ಕೇಳು."

ಈಗ ಯಾರೂ ನಗಲಿಲ್ಲ. ಸುರಜ ಕಾಯಿಯನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ, ತಪ್ಪು ಅದರೊಳಗೇ ಇರಬಹುದೆನ್ನುವ ಹಾಗೆ. "ಅವರು ಪೇಪರ್ ಸರಿ ನೋಡಿರಲಿಕ್ಕಿಲ್ಲ," ಎಂದ.

"ಸರಿ ನೋಡ್ಯಾರ. ನಾನ ತಪ್ಪು ತುಂಬೀನಿ," ಎಂದು ಪ್ರಾಜಕ್ತಾ ದುಂಡಿನ ಕತೆಯನ್ನು ಪೂರ್ತಿ ಹೇಳಿದಳು. ಹೇಳುವಾಗ ಕಿವಿ ಬಿಸಿಯಾಯಿತು. ಹೇಳಿ ಮುಗಿದ ಮೇಲೆ ಸ್ವಲ್ಪ ಹಗುರಾಯಿತು.

ಸುರಜ ಬಹಳ ಹೊತ್ತು ಯೋಚಿಸಿದ. ಆಮೇಲೆ ಅವನ ಮುಖ ಬೆಳಗಿತು. "ಹೋಗ್ಲಿ ಬಿಡು. ನೀ ಡೈರೆಕ್ಟ್ ಡಾಕ್ಟರ್ ಕಾಲೇಜಿಗೇ ಹೋಗು. ನಡಕಿನ ಸಾಲಿ ಯಾಕ ಬೇಕು ನಿನಗ?"

"ಹೌದಲ್ಲ," ಎಂದರು ನಾಲ್ಕಾರು ಜನ.

"ಅರ್ಜಿ ಇಟ್ಕೊ. ಕಾಲೇಜಿಗಿ ನಡೀತಾವ," ಎಂದ ಸುರಜ. ಕಾಯಿಯನ್ನು ಮಾತ್ರ ಮುಂದಿನ ಸತ್ಕಾರದವರೆಗೆ ಇಡುವುದು ಬೇಡವೆಂದು ಎಲ್ಲರೂ ಒಪ್ಪಿದರು. ಸಣ್ಣ ಬಿಡುವಿನಲ್ಲಿ ಶಾಲೆಯ ಹಿಂದಿನ ಕಲ್ಲಿಗೆ ಒಡೆದರು. ಅಷ್ಟೂ ಜನರಿಗೆ ಒಂದೊಂದು ಚೂರು ಬಂತು.

ಪ್ರಾಜಕ್ತಾ ತನ್ನ ಚೂರು ಹಿಡಿದು ನಳದ ಕಟ್ಟೆಯ ಮೇಲೆ ಕೂತಳು. ಭರಮು ಬಂದು ಬಾಜೂಕೆ ಕೂತ. ಕಿಸೆಯಿಂದ ಚಿಕ್ಕಿ ತೆಗೆದು ಅರ್ಧ ಮುರಿದ. ಕೊಡುವ ಮುಂಚೆ ಸ್ವಲ್ಪ ತಡೆದ.

"ಶನಿವಾರ ನೀ ಹೋತು ಅಂದಿ. ಅವತ್ತು ಖರೇನ ಹೇಳಿದ್ದಿ?"

"ಹೂಂ."

"ನಮಗ ಹೆಂಗ ತಿಳೀಬೇಕು? ನೀ ಯಾವಾಗಲೂ ಹಂಗ ಅಂತಿ."

ಪ್ರಾಜಕ್ತಾ ಕಾಯಿಯ ಚೂರನ್ನು ಕೈಯಲ್ಲಿ ತಿರುಗಿಸಿದಳು.

"ಮೊದಲೆಲ್ಲಾ ನಾ ನಂಬತಿದ್ದೆ," ಎಂದ ಭರಮು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಂದೂ ಹೋಗಿರತಿತ್ತಲ್ಲ. ಪ್ರಾಜೂಂದೂ ಹೋಗೇತಿ, ನಾ ಒಬ್ಬನ ಅಲ್ಲ ಅಂತ ಚಲೋ ಅನಸ್ತಿತ್ತು. ಸಂಜೀಕ ನೋಡಿದ್ರ ನಿನಗ ಇಪ್ಪತ್ತೈದು. ನನಗ ಏಳು."

ಇಷ್ಟು ಹೇಳಿ ಅವನು ಚಿಕ್ಕಿಯ ಅರ್ಧವನ್ನು ಅವಳ ಕೈಗಿಟ್ಟ. ಈ ಸಲದ ಅರ್ಧ ಎಂದಿಗಿಂತ ದೊಡ್ಡದಿತ್ತು.

ಪ್ರಾಜಕ್ತಾ ಅದನ್ನು ಬಾಯಿಗೆ ಹಾಕಿಕೊಂಡಳು. ಎಷ್ಟು ಅರ್ಧ ಚಿಕ್ಕಿ ತಿಂದಿದ್ದಳು ಅವಳು, ಮೂರನೇ ಇಯತ್ತೆಯಿಂದ? ಅವಳಿಗೆ ಬಹಳ ನಾಚಿಕೆಯಾಯಿತು. ತನ್ನ ಕಾಯಿಯ ಚೂರನ್ನು ಸುಮ್ಮನೆ ಭರಮುನ ಕೈಗೆ ದಾಟಿಸಿದಳು. ಅವನು ಬೇಡ ಎನ್ನಲಿಲ್ಲ. ಭರಮು ಯಾವುದಕ್ಕೂ ಬೇಡ ಎನ್ನುವವನಲ್ಲ.

ಮೂರು ವಾರ ಕಳೆದು ವಾರ್ಷಿಕ ಪರೀಕ್ಷೆ ಬಂತು. ಗಣಿತದ ಪೇಪರ್ ಮುಗಿಸಿ ಎಲ್ಲರೂ ಬೇವಿನ ಗಿಡದ ಕೆಳಗೆ ಸೇರಿದರು.

"ಪ್ರಾಜಕ್ತಾ, ಹೆಂಗ ಆತು?" ಎಂದು ಕೇಳಿದ ಸುರಜ. ಕೇಳುವಾಗಲೇ ಅವನು ನಗಲು ತಯಾರಾಗಿ ನಿಂತಿದ್ದ.

ಪ್ರಾಜಕ್ತಾಳ ಮುಖ ತನ್ನಷ್ಟಕ್ಕೆ ಸಣ್ಣದಾಗತೊಡಗಿತು. "ಹೋ..." ಎಂದು ಬಾಯಿಯೂ ತೆರೆಯಿತು. ಗುಂಪಿನ ಅಂಚಿಗೆ ಭರಮು ನಿಂತಿದ್ದ. ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಎಂಟು ಮಡಿಕೆ ಮಾಡಿ, ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ.

"ಚಲೋ ಆಗೇತಿ," ಎಂದಳು ಪ್ರಾಜಕ್ತಾ. "ಎಲ್ಲಾ ಬರದೀನಿ. ಒಂದು ಲೆಕ್ಕದ್ದು ಮಾತ್ರ ಗ್ಯಾರಂಟಿ ಇಲ್ಲ."

ಸುರಜನಿಗೆ ನಗಲು ಏನೂ ಸಿಗಲಿಲ್ಲ. "ಹಂಗಾರ ಡಿಸಿ ಪಕ್ಕಾ," ಎಂದು ಗೊಣಗಿ ಆಟಕ್ಕೆ ಓಡಿದ. ಉಳಿದವರೂ ಅವನ ಹಿಂದೆ ಹೋದರು.

ಪ್ರಾಜಕ್ತಾ ಭರಮುನ ಹತ್ತಿರ ಬಂದಳು. "ನಿಂದು?"

"ಹೋತು," ಎಂದ ಭರಮು.

ಅವಳು ಸಮಾಧಾನ ಹೇಳಲಿಲ್ಲ, ನಂದೂ ಹೋತು ಎನ್ನಲೂ ಇಲ್ಲ. ನೆಲದ ಮೇಲೆ ಕೂತು, ಅವನಿಗೂ ಜಾಗ ಮಾಡಿಕೊಟ್ಟು, ಕೈ ಚಾಚಿದಳು. ಭರಮು ಮುಷ್ಟಿ ಬಿಚ್ಚಿದ. ಎಂಟು ಮಡಿಕೆಯ ಕಾಗದವನ್ನು ಇಬ್ಬರೂ ಸೇರಿ ಬಿಡಿಸಿ, ಮೊಣಕಾಲ ಮೇಲೆ ಸಾಪು ಮಾಡಿದರು.

"ಯಾವ ಲೆಕ್ಕದಿಂದ ಹೋತು? ತೋರ್ಸು," ಎಂದಳು ಪ್ರಾಜಕ್ತಾ.

ಭರಮು ಮೊದಲನೇ ಲೆಕ್ಕದ ಮೇಲೆ ಬೆರಳಿಟ್ಟ.