ಚಿನ್ನದ ಮೇಲ್ಪದರ

"ಕಂಗ್ರಾಟ್ಸ್ ಹೇಳೋಕೆ ಬಂದೆ," ಎಂದ ಅವನು. ಮುಖ ಮಾತ್ರ ಸಾವಿನ ಮನೆಯಿಂದ ನೇರವಾಗಿ ಬಂದವನ ಹಾಗಿತ್ತು.

ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಗಾಳಿ ತೆಗೆದ ಉಕ್ಕಿನ ಡಬ್ಬಿಯೊಳಗೆ ಆರ್ಗಾನ್ ಕಣಗಳಿಂದ ಲೋಹಕ್ಕೆ ಹೊಡೆದು, ಸಿಡಿದ ಪರಮಾಣುಗಳನ್ನು ಗಾಜಿನ ಚೂರಿನ ಮೇಲೆ ತೆಳ್ಳಗೆ ಕೂರಿಸುವುದು ಅವನ ಕೆಲಸ. ತಾಮ್ರ, ನಿಕ್ಕಲ್ ಬೆರೆತ ಆ ಪದರದ ಮೇಲ್ಮೈಯಲ್ಲಿ ಯಾವುದು ಎಷ್ಟಿದೆ ಎಂದು ಅಳೆದು ಹೇಳುವುದು ಮೇಲಿನ ಮಹಡಿಯ ಇವಳ ಕೆಲಸ. ಅವನು ಗಾಜಿನ ಚೂರು ತಂದುಕೊಡುವಾಗಲೆಲ್ಲ ಇವಳು ಅವನ ಬೆರಳು ನೋಡುತ್ತಿದ್ದಳು. ಅವನು ಇವಳ ಕಿವಿಯ ಹಿಂದೆ ನಿಲ್ಲದ ಕೂದಲು ನೋಡುತ್ತಿದ್ದ. ಬಾಯಿ ಮಾತ್ರ ಇಬ್ಬರೂ ಬಿಡಲಿಲ್ಲ.

ಕಾದು ಕಾದು ಸಾಕಾಗಿ, ಮೊನ್ನೆ ಭಾನುವಾರ ಇವಳು ಅತ್ತಿಗೆ ತಂದ ಸಂಬಂಧಕ್ಕೆ ಹೂಂ ಅಂದುಬಿಟ್ಟಿದ್ದಳು.

"ಮೌನವ್ರತ ಮುರಿದ್ರಲ್ಲ, ಅದೇ ದೊಡ್ಡದು," ಎಂದು ಚುಚ್ಚಿದಳು.

"ಹೋದ ತಿಂಗಳೇ ಮುರಿದಿದ್ದೆ. ನೀವೇ ಬೇಡ ಅಂದ್ರಿ."

"ನಾನಾ? ಯಾವಾಗ?"

"ಆಗ ತಂದುಕೊಟ್ಟ ಗಾಜಿನ ಸ್ಯಾಂಪಲ್ ಮೇಲೆ ಚಿನ್ನ ಕೂರಿಸಿದ್ದೆ. ನಾಲ್ಕೈದು ಪರಮಾಣು ದಪ್ಪ ಅಷ್ಟೇ, ನಿಮ್ಮ ಯಂತ್ರಕ್ಕೆ ಮಾತ್ರ ಕಾಣೋದು. 'ಚಿನ್ನ ಎಲ್ಲಿಂದ ಬಂತ್ರೀ?' ಅಂತ ನೀವು ಕೇಳ್ತೀರಿ, ಆಗ ಹೇಳೋಣ ಅಂತಿದ್ದೆ. ನೀವು ಫೋನ್ ಮಾಡಿ, 'ತಾಮ್ರ, ನಿಕ್ಕಲ್, ಬೇರೇನೂ ಇಲ್ಲ' ಅಂದ್ರಿ. ಎಷ್ಟು ನಾಜೂಕಾಗಿ ಬೇಡ ಅಂದ್ರಲ್ಲ ಅಂದ್ಕೊಂಡೆ."

ಹೊರಗಿನ ಗಾಳಿ ತಾಗಿದ ಯಾವ ಸ್ಯಾಂಪಲ್ ಬಂದರೂ, ಮೊದಲು ಅದೇ ಆರ್ಗಾನ್‌ನಿಂದ ಮೇಲ್ಮೈ ಕೆರೆದು, ಕೊಳೆ ತೆಗೆದು, ಆಮೇಲೆ ಅಳೆಯುವುದು ಇವಳ ರೂಢಿ.

"ಅಯ್ಯೋ, ಕ್ಲೀನ್ ಮಾಡಿಬಿಟ್ಟೆ ಕಣ್ರೀ," ಎಂದಳು. "ನೋಡೋಕೆ ಮುಂಚೇನೇ."

ಅವನಿಗೆ ನಗು ಬಂತು. ಅರ್ಧಕ್ಕೇ ನಿಂತಿತು.

"ಬಾಯಿ ಇರ್ಲಿಲ್ವಾ ನಿಮಗೆ? ಒಂದೇ ಒಂದು ಮಾತು!"

"ನಿಮಗೂ ಇತ್ತಲ್ಲ."

ಇತ್ತು. ಆದರೆ ಆ ಬಾಯಿಂದಲೇ ಈಗ ಇನ್ನೊಬ್ಬನಿಗೆ ಮಾತು ಕೊಟ್ಟಾಗಿತ್ತು. ಒಳ್ಳೆಯವನು. ಹಿಂದೆ ಒಂದು ಮದುವೆ ಕೊನೇ ಗಳಿಗೆಯಲ್ಲಿ ಮುರಿದು, ಜನರ ಮುಖ ನೋಡಲಾರದೆ ವರ್ಷಗಟ್ಟಲೆ ಮನೆಯೊಳಗೇ ಉಳಿದವನು. "ನೀವೂ ಕೈ ಬಿಡಲ್ಲ ತಾನೇ?" ಎಂದು ಮಗುವಿನ ಹಾಗೆ ಕೇಳಿದ್ದ. ಇಲ್ಲ ಎಂದಿದ್ದಳು. ಈಗ ಅವನೇ ಕೆಳಗೆ ಗೇಟಿನ ಬಳಿ ಕಾಯುತ್ತಿದ್ದ.

"ಈಗ ಹೇಳಿ," ಎಂದಳು ಮೌನಿಗೆ.

"ಈಗ ಹೇಳಿ ಏನು ಪ್ರಯೋಜನ?"

"ಏನೂ ಇಲ್ಲ. ನನಗೆ ಕೇಳಿಸ್ಕೋಬೇಕು, ಅಷ್ಟೇ."

ಅವನು ನೆಲ ನೋಡಿದ, ಕಿಟಕಿ ನೋಡಿದ, ಕೊನೆಗೆ ಇವಳನ್ನು ನೋಡಿದ. "ನೀವಂದ್ರೆ ನನಗೆ ಪ್ರಾಣ."

"ನನಗೂ," ಎಂದಳು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. "ಹಾಂ, ಇಳೀತಾ ಇದ್ದೀನಿ," ಎನ್ನುತ್ತ ಇವಳು ಬ್ಯಾಗು ಹೆಗಲಿಗೇರಿಸಿದಳು.

"ಯಾಕೆ, ಗಂಟಲು ಕಟ್ಟಿದ ಹಾಗಿದೆ?" ಎಂದು ಅತ್ತಲಿಂದ ಕಾಳಜಿಯ ಪ್ರಶ್ನೆ ಬಂತು.

"ಸ್ವಲ್ಪ ಶೀತ ರೀ."

ಗಂಡನಾಗುವವನಿಗೆ ಇವಳು ಹೇಳಿದ ಮೊದಲ ಸುಳ್ಳು ಅದು.