ಇಬ್ಬರಿಗೆ ಹೊಂದಿಸಿದ ಸ್ಪ್ರಿಂಗ್

ಅವರು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಮೂರು ವರ್ಷದಲ್ಲಿ ಹೀಗಾದದ್ದು ಅದೇ ಮೊದಲು. ಅವರ ಹಳೆಯ ಕ್ರೂಸರ್ ಬೈಕ್ ಎರಡು ಬೀದಿ ಆಚೆಯಿಂದಲೇ ಗುಡುಗುತ್ತಿತ್ತು. ಅದು ಕಿವಿಗೆ ಬಿದ್ದ ಕೂಡಲೇ ನಾನು ಮುಖ ಒರೆಸಿಕೊಂಡು, ಕೂದಲು ಬಿಗಿದು ಕಟ್ಟಿ, ಲೋಕದ ಪರಿವೆಯೇ ಇಲ್ಲದವಳಂತೆ ಯಾವುದಾದರೂ ಎಂಜಿನ್ ಮುಂದೆ ಕೂತುಬಿಡುತ್ತಿದ್ದೆ. ಆ ಬೆಳಿಗ್ಗೆ ಅದಕ್ಕೆಲ್ಲ ಪುರಸೊತ್ತೇ ಸಿಗಲಿಲ್ಲ. ತಲೆ ಎತ್ತಿದರೆ ಗ್ಯಾರೇಜಿನ ಬಾಗಿಲಲ್ಲಿ ಅವರು, ಪಕ್ಕದಲ್ಲಿ ಒಂದು ನೀಲಿ ಬೈಕ್. ನನ್ನ ಮೂಗಿನ ಮೇಲೆ ಗ್ರೀಸ್ ಇತ್ತು.

"ಎಮ್ಮೆ ಎಲ್ಲಿ?" ಅಂದೆ. ಕ್ರೂಸರ್‌ಗೆ ಆ ಹೆಸರಿಟ್ಟದ್ದು ಅಪ್ಪ.

"ಕೊಟ್ಬಿಟ್ಟೆ. ಎಕ್ಸ್‌ಚೇಂಜ್‌ನಲ್ಲಿ."

"ಯಾವಾಗ?"

"ಮೂರು ವಾರ ಆಯ್ತು."

ಅವರದು ಎರಡು ಬೀದಿ ಆಚೆಗಿರುವ ಕನ್ನಡಕದ ಅಂಗಡಿ. ಅಪ್ಪ ಅವರನ್ನು ಕರೆಯುವುದೂ ಹಾಗೆಯೇ, 'ಕನ್ನಡಕದವರು' ಎಂದು. ತೆಳ್ಳಗಿನ ಮನುಷ್ಯ, ಮೆದು ಮಾತು. ಅಂಥವರಿಗೆ ಅಷ್ಟು ದೊಡ್ಡ ಗಾಡಿ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ಆದರೆ ಆ ಗಾಡಿ ತಿಂಗಳಿಗೊಮ್ಮೆ ತಪ್ಪದೆ ಕೆಡುತ್ತಿತ್ತು. ಒಮ್ಮೆ ಕ್ಲಚ್ ಕೇಬಲ್, ಒಮ್ಮೆ ಕಾರ್ಬುರೇಟರ್, ಒಮ್ಮೆ ಎಲ್ಲಿಂದಲೋ ಸೋರುವ ಆಯಿಲ್. ಅವರು ಮುರುಕು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು, ನಾನು ಬಿಚ್ಚಿ ಜೋಡಿಸುತ್ತಿದ್ದೆ.

ನಾನು ಭಾವುಕಳಲ್ಲ. ಒಂದು ಮದುವೆಯಾಗಿ, ಅದು ಮುಗಿದು, ಅಪ್ಪನ ಗ್ಯಾರೇಜಿಗೆ ವಾಪಸ್ ಬಂದು ಸ್ಪ್ಯಾನರ್ ಹಿಡಿದವಳು. ಸರಿಹೋಗುವುದನ್ನು ಸರಿ ಮಾಡುತ್ತೇನೆ, ಸರಿಹೋಗದ್ದನ್ನು ಆಗುವುದಿಲ್ಲ ಎಂದು ನೇರವಾಗಿ ಹೇಳುತ್ತೇನೆ. ಆದ್ದರಿಂದ ಲೆಕ್ಕ ತಕ್ಷಣ ಹೊಳೆಯಿತು. ಹೊಸ ಬೈಕ್ ಕೆಡುವುದಿಲ್ಲ. ಕೆಟ್ಟರೂ ಎರಡು ವರ್ಷ ಶೋರೂಮ್‌ನವರೇ ನೋಡಿಕೊಳ್ಳುತ್ತಾರೆ. ಎಮ್ಮೆ ಹೋಯಿತು ಅಂದರೆ ಇವರೂ ಹೋದ ಹಾಗೆ.

ನನಗೆ ತುಂಬ ಸಂಕಟವಾಯಿತು. ಕೈಯಲ್ಲಿದ್ದ ನಟ್ಟನ್ನು ಅದರ ಡಬ್ಬಿಗೆ ಹಾಕಿದೆ.

"ಮತ್ತೆ ಇಲ್ಲಿಗೇಕೆ ಬಂದ್ರಿ? ಶೋರೂಮ್‌ಗೆ ಹೋಗ್ಬೇಕಿತ್ತಲ್ಲ."

"ಬೆನ್ನು ನೋವು. ಒಂದು ಸಣ್ಣ ಕಲ್ಲು ಹತ್ತಿದ್ರೂ ತಲೆವರೆಗೂ ಬಡಿಯುತ್ತೆ."

"ಕ್ರೂಸರ್‌ನಲ್ಲಿ ಕಾಲು ಮುಂದೆ ಚಾಚಿ ಮಹಾರಾಜನ ಥರ ಕೂತು ಅಭ್ಯಾಸ. ಇದರಲ್ಲಿ ಬಗ್ಗಿ ಕೂರ್ಬೇಕು."

"ಅದೂ ಇದೆ. ಈಗಲೂ ಬ್ರೇಕ್ ಹುಡುಕಿ ಕಾಲು ಮುಂದೆ ಹೋಗುತ್ತೆ, ಅಲ್ಲಿ ಏನೂ ಇರಲ್ಲ."

ಅವರು ನಕ್ಕರು. ನಗುವಾಗ ಕನ್ನಡಕ ಸ್ವಲ್ಪ ಜಾರುತ್ತದೆ, ಅದನ್ನು ಬೆರಳಿನಿಂದ ಮೇಲೆ ತಳ್ಳುತ್ತಾರೆ. ಲೋಕಕ್ಕೆಲ್ಲ ಕನ್ನಡಕ ಬಿಗಿ ಮಾಡಿಕೊಡುವವರು, ತಮ್ಮದನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ನಾನು ಅದನ್ನು ನೋಡಲೇಬಾರದೆಂದು ಮಂಡಿಯೂರಿ ಹಿಂದಿನ ಚಕ್ರದತ್ತ ಬಗ್ಗಿದೆ.

ಹಿಂದಿನ ಸ್ಪ್ರಿಂಗನ್ನು ಎಷ್ಟು ಬಿಗಿಯಾಗಿ ಇಡಬೇಕೆಂದು ನಿರ್ಧರಿಸುವ ಒಂದು ಉಂಗುರ ಇರುತ್ತದೆ. ಅದರಲ್ಲಿ ಏಳು ಮೆಟ್ಟಿಲು, ಏರಿದಷ್ಟೂ ಬಿಗಿ. ಇವರ ಮೈತೂಕಕ್ಕೆ ಎರಡು ಸಾಕು, ಹೆಚ್ಚೆಂದರೆ ಮೂರು. ಉಂಗುರ ಆರರಲ್ಲಿ ಕೂತಿತ್ತು.

"ಶೋರೂಮ್‌ನವರಿಗೆ ತಲೆ ಇಲ್ವಾ? ಇದು ಇಬ್ಬರು ಕೂರೋ ಗಾಡಿಗೆ ಇಡೋ ಸೆಟ್ಟಿಂಗ್."

"ನಾನೇ ಹೇಳಿ ಇಡಿಸಿದ್ದು."

ನಾನು ಅಲ್ಲೇ ಮಂಡಿಯೂರಿ ಉಳಿದೆ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಉರಿಯಿತು. ಮೂರು ವಾರದಿಂದ ಇವರು ಯಾರನ್ನೋ ಬೆನ್ನಿಗೆ ಅಂಟಿಸಿಕೊಂಡು ಊರು ಸುತ್ತುತ್ತಿದ್ದಾರೆ, ನಾನಿಲ್ಲಿ ಕೂದಲು ಕಟ್ಟಿಕೊಂಡು ಎಮ್ಮೆಯ ಸದ್ದಿಗೆ ಕಾಯುತ್ತಿದ್ದೇನೆ.

"ಹಿಂದೆ ಕೂರೋರ ತೂಕ ಎಷ್ಟು?" ಎಂದು ಕೇಳಿದೆ. ಅದು ಕೆಲಸದ ಪ್ರಶ್ನೆ, ಕೇಳಲೇಬೇಕು.

"ಗೊತ್ತಿಲ್ಲ. ಹೆಂಗಸರ ತೂಕ ಹೇಗೆ ಕೇಳೋದು?"

"ಅಂದಾಜು ಹೇಳಿ."

ಅವರು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಹೆಚ್ಚು ಕಡಿಮೆ ನಿಮ್ಮಷ್ಟೇ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಪೇಪರ್ ಮಡಚಿದರು. ಮಂಡಿ ನೋವೆಂದು ಅವರು ಕೆಲಸ ಬಿಟ್ಟು ನಾಲ್ಕು ವರ್ಷವಾಗಿದೆ, ಬಾಯಿಗೆ ಮಾತ್ರ ರಜೆ ಇಲ್ಲ.

"ಅಷ್ಟು ಸಾಕಲ್ಲಮ್ಮ, ನೀನೇ ಹತ್ತಿ ಕೂತ್ಕೋ. ಟೇಪ್ ನಾನು ಹಿಡೀತೀನಿ."

ಅದು ನಮ್ಮ ಗ್ಯಾರೇಜಿನ ಪದ್ಧತಿ. ಗಾಡಿಯ ಮೇಲೆ ಕೂರುವವರು ಕೂರಬೇಕು, ಅವರ ಭಾರಕ್ಕೆ ಹಿಂಭಾಗ ಎಷ್ಟು ಇಳಿಯಿತೆಂದು ಮೂರನೆಯವರು ಅಳೆಯಬೇಕು. ಈ ಬೈಕಿಗೆ ಮೂವತ್ತೈದು ಮಿಲಿಮೀಟರ್ ಇಳಿದರೆ ಸರಿ. ನೂರಾರು ಜನರನ್ನು ಹೀಗೆ ಕೂರಿಸಿ ಅಳೆದಿದ್ದೇನೆ. ನಾನೇ ಹಿಂದೆ ಕೂತದ್ದು ಅದೇ ಮೊದಲ ಸಲ.

ಅವರು ಹತ್ತಿ ಕೂತು, ಕಾಲೂರಿ ಗಾಡಿಯನ್ನು ನೇರ ಹಿಡಿದರು. ನಾನು ಹತ್ತಿದೆ. ಎಮ್ಮೆಯ ಹಿಂದಿನ ಸೀಟಿಗೆ ಒರಗು ಇತ್ತು, ಅಗಲವಿತ್ತು, ಇಬ್ಬರ ನಡುವೆ ಒಂದು ಚೀಲ ಇಡುವಷ್ಟು ಜಾಗವಿತ್ತು. ಇಲ್ಲಿ ಅಂಗೈ ಅಗಲದ ಸೀಟು, ಅದೂ ಮುಂದಕ್ಕೆ ಇಳಿಜಾರು. ಹಿಡಿಯಲು ಏನೂ ಇಲ್ಲ. ಕೈ ಎಲ್ಲಿಡುವುದೆಂದು ಯೋಚಿಸಿ, ಕೊನೆಗೆ ನನ್ನ ತೊಡೆಯ ಮೇಲೇ ಇಟ್ಟುಕೊಂಡೆ.

"ಭಾರ ಸರಿಯಾಗಿ ಬಿಡಮ್ಮ," ಅಂದರು ಅಪ್ಪ. "ನಾನು ಅಳೀತಿರೋದು ಬೈಕು, ನಿನ್ನ ಮರ್ಯಾದೆ ಅಲ್ಲ."

ಭಾರ ಬಿಟ್ಟೆ. ಜಾರಿದೆ. ಕೈ ಅವರ ಭುಜ ಹಿಡಿಯಿತು. ಭುಜ ಒಂದು ಕ್ಷಣ ಬಿಗಿಯಾಗಿ, ಮತ್ತೆ ಸಡಿಲವಾಯಿತು.

ಅಪ್ಪ ಟೇಪ್ ಹಿಡಿದು ಬಹಳ ಹೊತ್ತು ನೋಡಿದರು. "ಮೂವತ್ತೈದು," ಅಂದರು. "ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಏನೂ ಮುಟ್ಟೋದು ಬೇಡ." ಆಮೇಲೆ, ತಲೆಯ ಮೇಲೆಯೇ ಇದ್ದ ಕನ್ನಡಕವನ್ನು ಹುಡುಕಿ ತರುತ್ತೇನೆಂದು ಒಳಗೆ ಹೋದರು.

ನಾನು ಅವರ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದೆ. ಬಲಗಡೆಯ ಪುಟ್ಟ ಕನ್ನಡಿಯಲ್ಲಿ ಅವರ ಅರ್ಧ ಮುಖ, ಒಂದೇ ಕಣ್ಣು. ಆ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಮೂರು ವಾರದಲ್ಲಿ ಈ ಸೀಟಿನ ಮೇಲೆ ಎಷ್ಟು ಜನ ಕೂತ್ರು?"

"ಈಗ ಒಬ್ಬರು."

"ಒಬ್ಬರೇ ಓಡಾಡೋರು ಎರಡಕ್ಕೆ ಇಳಿಸಿಕೊಳ್ಳಬಹುದಿತ್ತು. ಬೆನ್ನಾದರೂ ಉಳೀತಿತ್ತು."

"ಇಳಿಸಿದ್ರೆ, ಒಬ್ಬನೇ ಅಂತ ಒಪ್ಪಿಕೊಂಡ ಹಾಗಲ್ವಾ?"

ಗ್ರೀಸ್ ಆದ ಕೈ ಅವರ ಬಿಳಿ ಶರ್ಟಿನ ಭುಜದ ಮೇಲೆ ಐದು ಬೆರಳಿನ ಗುರುತು ಬಿಟ್ಟಿತ್ತು. ಕೈ ತೆಗೆಯೋಣವೆಂದುಕೊಂಡೆ, ತೆಗೆಯಲಿಲ್ಲ.

"ಅಷ್ಟು ಪ್ರೀತಿಯಿಂದ ಇಟ್ಕೊಂಡಿದ್ದ ಗಾಡಿ," ಅಂದೆ. "ಯಾಕೆ ಕೊಟ್ರಿ?"

"ಪ್ರೀತಿ ಅಂತ ಯಾರು ಹೇಳಿದ್ದು? ಸಿಗ್ನಲ್‌ನಲ್ಲಿ ನಿಂತಲ್ಲೇ ಎರಡು ಸಲ ಬೀಳಿಸಿದೀನಿ. ಎತ್ತೋಕೆ ಮೂರು ಜನ ಬೇಕಾಯ್ತು. ಅದನ್ನ ಇಟ್ಕೊಂಡಿದ್ದೇ ಅದು ಕೆಡುತ್ತೆ ಅಂತ. ಕೆಟ್ರೆ ಇಲ್ಲಿಗೆ ಬರಬಹುದಲ್ಲ."

"ಇದು ಕೆಡಲ್ಲ," ಅಂದೆ.

"ಗೊತ್ತು. ಅದಕ್ಕೇ ತಗೊಂಡೆ." ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಮೂರು ವರ್ಷ ಕ್ಲಚ್ ಬಗ್ಗೆ, ಆಯಿಲ್ ಬಗ್ಗೆ ಮಾತಾಡಿ ಮಾತಾಡಿ ಸಾಕಾಯ್ತು. ನೆಪ ಇರೋವರೆಗೂ ನಾನು ಬಾಯಿ ಬಿಡಲ್ಲ ಅಂತ ಅನ್ನಿಸ್ತು. ನೆಪಾನೇ ಮಾರಿಬಿಟ್ಟೆ. ಆಮೇಲೆ ಇಲ್ಲಿಗೆ ಬರೋಕೆ ಮೂರು ವಾರ ಧೈರ್ಯ ಸಾಲಲಿಲ್ಲ. ನನಗೆ ನೀವಂದ್ರೆ ಇಷ್ಟ. ಬೇಡ ಅಂದ್ರೆ ಸ್ಪ್ರಿಂಗ್ ಎರಡಕ್ಕೆ ಇಳಿಸಿಬಿಡಿ, ಹೋಗ್ತೀನಿ."

ಸ್ಪ್ಯಾನರ್ ನೆಲದ ಮೇಲಿತ್ತು, ಇಳಿದರೆ ಕೈಗೆಟಕುವಷ್ಟು ಹತ್ತಿರ. ನಾಲ್ಕು ಸಲ ತಿರುಗಿಸಿದರೆ ಮುಗಿಯುವ ಕೆಲಸ. ನಾನು ಒಂದು ಸಂಸಾರ ಬಿಚ್ಚಿ ಬಂದವಳು, ಇನ್ನೊಂದನ್ನು ಜೋಡಿಸುವ ಧೈರ್ಯ ಇದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇದೆಯೆಂದು ಖಂಡಿತವಾಗಿ ಹೇಳಲಾರೆ. ಆದರೆ ಈ ಮನುಷ್ಯ ನಾಳೆಯಿಂದ ಬರುವುದಿಲ್ಲ ಎಂಬುದನ್ನು ತಡೆದುಕೊಳ್ಳುವ ಧೈರ್ಯ ನನಗಿಲ್ಲ, ಅದಂತೂ ಖಂಡಿತ.

ಗಾಡಿಯಿಂದ ಇಳಿದೆ. ಕನ್ನಡಿಯಲ್ಲಿ ಅವರ ಕಣ್ಣು ಬಾಡಿತು. ನಾನು ಸ್ಪ್ಯಾನರ್ ಎತ್ತಿಕೊಂಡೆ, ಒರೆಸಿದೆ, ಗೋಡೆಯ ಮೇಲಿನ ಅದರ ಮೊಳೆಗೆ ನೇತುಹಾಕಿದೆ.

"ನಾಳೆ ಐದು ಗಂಟೆಗೆ ಬನ್ನಿ," ಅಂದೆ.

ಅವರು ತಿರುಗಿದರು. "ಬೈಕ್‌ನಲ್ಲಿ ಏನಾದ್ರೂ ನೋಡ್ಬೇಕಾ?"

"ಏನೂ ಇಲ್ಲ. ಏನೂ ಕೆಡದೇ ಇದ್ರೂ ಬನ್ನಿ."