ಕಂಪ್ಯೂಟರಿನ ಹಲ್ಲು ನೋಡಿದ ಮುತ್ಯಾ

"ಇದರ ಹಲ್ಲು ತೋರಸ್ರಿ," ಅಂದ ಮುತ್ಯಾ.

ಅಂಗಡಿಯ ಶರೀಫಸಾಬರು ಧೂಳು ಒರೆಸುವ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತರು. ಅವರು ಶಹಾಪುರದಲ್ಲಿ ಎಷ್ಟೋ ವರ್ಷಗಳಿಂದ ಕಂಪ್ಯೂಟರ್ ಮಾರುತ್ತಿದ್ದರು. ರೇಟು ಕೇಳಿದವರಿದ್ದರು, ಗ್ಯಾರಂಟಿ ಕೇಳಿದವರಿದ್ದರು. ಹಲ್ಲು ಕೇಳಿದವನು ಮಾತ್ರ ಈ ಮುತ್ಯಾನೇ ಮೊದಲು.

"ಏನಂದ್ರಿ ಮುತ್ಯಾ?"

"ಹಲ್ಲು ಅಂದೆರಿ. ಹಳೇ ಮಾಲು ಅಂದ ಮ್ಯಾಲ ಬಾಯಿ ಬಿಚ್ಚಿಸಿ ವಯಸ್ಸು ನೋಡಬೇಕಲ್ಲ? ಹಲ್ಲು ನೋಡದ ನಾ ಒಂದೂ ಎತ್ತು ತಂದಿಲ್ಲ."

ದೇವಕ್ಕನಿಗೆ ಆ ಕಡೆ ಜೋಡಿಸಿಟ್ಟಿದ್ದ ಪೆಟ್ಟಿಗೆಗಳ ಹಿಂದೆ ಅಡಗಿಕೊಂಡುಬಿಡಬೇಕು ಅನಿಸಿತು. ಅಜ್ಜನ ಧೋತರದ ಚುಂಗು ಹಿಡಿದು ಎಳೆದಳು. "ಮುತ್ಯಾ, ಅದು ಎತ್ತಲ್ಲ. ಲ್ಯಾಪ್‌ಟಾಪ್."

"ಎತ್ತಲ್ಲಂತ ನನಗೂ ಕಾಣಸ್ತದ. ಕೋಡು ಎಲ್ಲ್ಯಾವ ಅದಕ್ಕ?"

ಅಯ್ಯಣ್ಣ ಮುತ್ಯಾ ಇರುವುದೇ ಹಾಗೆ. ಅವರ ಊರು ಕೆಂಭಾವಿಯ ಸುತ್ತಮುತ್ತ ಯಾರೇ ಎತ್ತು ಕೊಳ್ಳಲಿ, ಒಮ್ಮೆ ಅವನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಆದರೆ ಕಂಪ್ಯೂಟರ್ ಕೊಳ್ಳಲು ಅವನನ್ನು ಕಳಿಸಬೇಕೆಂದು ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಬರಬೇಕಾಗಿದ್ದವನು ದೇವಕ್ಕನ ಅಪ್ಪ ಜಗದೇವಪ್ಪ. ಸರಿಯಾಗಿ ಅವತ್ತೇ ಕಾಲುವೆ ನೀರಿನ ಪಾಳಿ ಅವರ ಹೊಲಕ್ಕೆ ಬರಬೇಕೆ? ಪಾಳಿ ತಪ್ಪಿದರೆ ನೀರು ಪಕ್ಕದ ಹೊಲಕ್ಕೆ ಹೋಗಿಬಿಡುತ್ತದೆ. ಅಪ್ಪ ಸಲಿಕೆಯನ್ನು ಹೆಗಲ ಮೇಲಿಟ್ಟುಕೊಂಡು, "ಅಪ್ಪಾ, ನೀ ಜೋಡಿ ಹೋಗು. ಕಂಪ್ಯೂಟರ್ ವಿಷಯ ದೇವಿಗಿ ಗೊತ್ತದ. ಆಕಿ ಹೇಳಿದ್ದು ತಗೊಂಡು ಬಾ," ಎಂದು ಹೋಗಿಯೇಬಿಟ್ಟ.

ದೇವಕ್ಕ ಐದನೇ ಕ್ಲಾಸು. ಶಾಲೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಕನ್ನಡ ಟೈಪ್ ಮಾಡಲು ಕಲಿತಿದ್ದಳು. ಅಪ್ಪನ ಮಾತು ಕೇಳಿದ ಮೇಲೆ ಕೇಳಬೇಕೆ, ನೆಲದಿಂದ ಒಂದು ಗೇಣು ಮೇಲೆಯೇ ನಡೆದು ಬಂದು ಬಸ್ಸು ಹತ್ತಿದ್ದಳು.

ಮನೆಯಲ್ಲಿದ್ದ ಹಳೆಯ ಕಂಪ್ಯೂಟರ್ ಸತ್ತದ್ದು ಹೇಗೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವ್ವ ಗೊಲ್ಲಾಳಮ್ಮ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಈ ವರ್ಷ ಮನಸ್ಸು ಮಾಡಿ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿದ್ದಳು. ಸಂಜೆ ರೊಟ್ಟಿ ಬಡಿದು ಮುಗಿಸಿ, ಕೈಯ ಹಿಟ್ಟು ತೊಳೆದುಕೊಂಡು, ಪೆನ್ ಡ್ರೈವ್ ಹಾಕಿ ಪಾಠ ನೋಡುತ್ತಿದ್ದಳು. ಅವತ್ತು ವಿಜ್ಞಾನದ ಪಾಠ. ಪರದೆಯ ಮೇಲಿನ ಟೀಚರ್ "ವಿದ್ಯುತ್ ಎಂದರೇನು?" ಎಂದು ಕೇಳಿದ್ದೇ ತಡ, ಕೆಂಭಾವಿಯ ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಮತ್ತೆ ಬಂದಾಗ ಕಂಪ್ಯೂಟರಿನ ಹೊಟ್ಟೆಯೊಳಗೆ ಫಟ್ ಎಂದು ಸಪ್ಪಳವಾಗಿ, ಮನೆತುಂಬ ಸುಟ್ಟ ವಾಸನೆ ಹರಡಿತು.

"ಕರೆಂಟ್ ಅಂದ್ರ ಏನಂತ ಭಾಳ ಚೊಲೋ ತಿಳಿಸಿಕೊಡ್ತು ನೋಡು," ಎಂದು ಅವ್ವ ನಕ್ಕಳು. ನಕ್ಕದ್ದೇನೋ ನಿಜ. ಆದರೆ ಆಮೇಲೆ ಸಂಜೆಗಳಲ್ಲಿ ಅವಳು ಸುಮ್ಮನೆ ಕಟ್ಟೆಯ ಮೇಲೆ ಕುಳಿತಿರುವುದನ್ನು ದೇವಕ್ಕ ನೋಡಿದ್ದಳು. ಪರೀಕ್ಷೆ ಹತ್ತಿರವಾಗುತ್ತಿತ್ತು. ಮನೆಯಲ್ಲಿದ್ದ ದುಡ್ಡಿಗೆ ಹಳೆಯದೊಂದು ಕಂಪ್ಯೂಟರ್ ಬರುವಂತಿತ್ತು, ಅದೂ ಒಂದೇ ಸಲ. ಕೆಟ್ಟದ್ದು ತಂದರೆ ಬದಲಿಗೆ ಮತ್ತೊಂದು ತರುವ ಮಾತೇ ಇಲ್ಲ.

"ಇದು ಓಡಿದ್ರ ಸಾಕವ್ವ. ನನಗ ಮತ್ತೇನೂ ಬ್ಯಾಡ," ಎಂದು ಅವ್ವ ಪೆನ್ ಡ್ರೈವನ್ನು ದೇವಕ್ಕನ ಕೈಗೆ ಕೊಟ್ಟು ಕಳಿಸಿದ್ದಳು.

ಈಗ ಅಂಗಡಿಯಲ್ಲಿ ಶರೀಫಸಾಬರಿಗೆ ಮುತ್ಯಾನ ಮಾತು ಅರ್ಥವಾಯಿತು. ಅವರು ಗಡ್ಡದೊಳಗೇ ನಗುತ್ತಾ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದರು. "ತಗೋರಿ, ಬಾಯಿ ಬಿಚ್ಚೀನಿ. ಹಲ್ಲು ಎಣಿಸಿಕೋರಿ."

ಮುತ್ಯಾ ಬಗ್ಗಿ ಕೀಬೋರ್ಡನ್ನು ನೋಡಿದ. "ಅಬಬಬ, ಎಷ್ಟ್ ಹಲ್ಲವ ಇದಕ್ಕ," ಎಂದು ತಲೆ ಆಡಿಸಿದ.

ಆದರೆ ದೇವಕ್ಕನ ಕಣ್ಣು ಆಗಲೇ ಬೇರೆ ಕಡೆ ಹೋಗಿತ್ತು. ಮೂಲೆಯ ಮೇಜಿನ ಮೇಲೊಂದು ದೊಡ್ಡ ಕಂಪ್ಯೂಟರ್. ಅದರ ಕೀಬೋರ್ಡಿನ ಪ್ರತಿಯೊಂದು ಅಕ್ಷರದ ಕೆಳಗೂ ಲೈಟು. ಕೆಂಪು, ಹಸಿರು, ನೀಲಿ ಬಣ್ಣಗಳು ಈ ತುದಿಯಿಂದ ಆ ತುದಿಗೆ ಓಡುತ್ತಿದ್ದವು. ನೋಡಿದರೆ ನೋಡುತ್ತಲೇ ಇರಬೇಕು.

"ಮುತ್ಯಾ, ಅದು. ಅದನ್ನ ತಗೊಳ್ಳೂನು."

"ಅದೂ ಹಳೇದೇ ಅವ್ವ. ರೇಟು ಎರಡಕ್ಕೂ ಹೆಚ್ಚುಕಮ್ಮಿ ಒಂದೇ," ಅಂದರು ಶರೀಫಸಾಬರು. "ಈ ಲ್ಯಾಪ್‌ಟಾಪ್ ಒಂದು ಆಫೀಸಿನಾಗ ದುಡಿದದ್ದು. ನಿಮಗ ಯಾವುದು ಬೇಕೋ ನೋಡ್ರಿ."

ದೇವಕ್ಕ ಓಡಿಹೋಗಿ ಲೈಟಿನ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿದಳು. ಅವ್ವನ ಪಾಠ ಓಡಿತು. ಟೀಚರ್ ಎಷ್ಟು ದೊಡ್ಡದಾಗಿ, ಚೆಂದಾಗಿ ಕಾಣುತ್ತಿದ್ದರು. ಇನ್ನೇನು ಬೇಕು? ಅವ್ವನ ಪಾಠವೂ ಆಯಿತು, ತನ್ನ ಲೈಟೂ ಆಯಿತು. ನಾಳೆ ಶಾಲೆಯಲ್ಲಿ ತನ್ನ ಕ್ಲಾಸಿನ ಬೀರಣ್ಣನಿಗೆ ಹೇಗೆ ಹೇಳಬೇಕೆಂದು ಅವಳು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು.

"ನಿಂತಲ್ಲೇ ನೋಡಿದ್ರ ಹೆಂಗ?" ಅಂದ ಮುತ್ಯಾ. "ನಡಿಸಿ ನೋಡಬೇಕು. ಶರೀಫಸಾಬ್ರ, ಹಗ್ಗ ಬಿಚ್ರಿ ಇದರ್ದು."

"ಯಾವ ಹಗ್ಗ ಮುತ್ಯಾ?" ಎಂದಳು ದೇವಕ್ಕ. ಅವಳಿಗೆ ಅಳುವೇ ಬರುವಂತಾಗಿತ್ತು.

"ಇದೇ, ಗ್ವಾಡಿಗಿ ಕಟ್ಟ್ಯಾರಲ್ಲ, ಈ ಕರಿ ಹಗ್ಗ. ಕಟ್ಟಿ ಹಾಕಿದಾಗ ಎಲ್ಲಾ ಎತ್ತೂ ಶಾಣ್ಯಾನೇ. ಬಿಚ್ಚಿದಾಗ ಅದರ ಗುಣ ತಿಳೀತದ."

ಗೋಡೆಯ ಪ್ಲಗ್ಗಿನಲ್ಲಿ ಸಿಕ್ಕಿಸಿದ ವೈರನ್ನು ಮುತ್ಯಾ ಹಗ್ಗ ಅಂದುಕೊಂಡಿದ್ದ. ಶರೀಫಸಾಬರು ಏನೋ ಹೇಳುವಷ್ಟರಲ್ಲಿ, ಎತ್ತಿನ ಕಣ್ಣಿ ಬಿಚ್ಚುವವನಂತೆ ಅವನೇ ಬಗ್ಗಿ ಅದನ್ನು ಎಳೆದುಬಿಟ್ಟ.

ಲೈಟು ಆರಿದವು. ಪರದೆ ಕಪ್ಪಾಯಿತು. ಟೀಚರ್ ಒಂದು ಮಾತಿನ ಅರ್ಧಕ್ಕೇ ಮಾಯವಾದರು.

ಮುತ್ಯಾ ಗಾಬರಿಯಾದ. "ಸತ್ತೇ ಹೋಯ್ತೇನ್ರಿ?"

"ಇಲ್ರಿ, ಸತ್ತಿಲ್ಲ. ಇದಕ್ಕ ಕರೆಂಟ್ ಇರಲೇಬೇಕು. ಇಲ್ಲಂದ್ರ ಇನ್ವರ್ಟರ್ ಬೇಕು, ಅದರ ಖರ್ಚು ಬ್ಯಾರೆ."

ದೇವಕ್ಕ ಪರದೆಯ ಕಡೆ ನೋಡಿದಳು. ಕಪ್ಪು ಪರದೆಯಲ್ಲಿ ಅವಳದೇ ಮುಖ ಕಾಣುತ್ತಿತ್ತು. ಆ ಸಂಜೆ ಪಾಠ ಅರ್ಧಕ್ಕೆ ನಿಂತಾಗ ಅವ್ವ ನೋಡಿದ್ದೂ ಇಂಥದೇ ಕಪ್ಪು ಪರದೆ. ಸಂಜೆ ಎಂದರೆ ಕೆಂಭಾವಿಯಲ್ಲಿ ಕರೆಂಟು ಹೋಗುವ ಹೊತ್ತು. ಅವ್ವನ ರೊಟ್ಟಿ ಮುಗಿಯುವುದೂ ಅದೇ ಹೊತ್ತಿಗೆ.

ಅವಳು ಪೆನ್ ಡ್ರೈವ್ ಕಿತ್ತುಕೊಂಡು ಬಂದು ಲ್ಯಾಪ್‌ಟಾಪಿಗೆ ಹಾಕಿದಳು. ಪಾಠ ಶುರುವಾಯಿತು. "ಮುತ್ಯಾ, ಈಗ ಇದರ ಹಗ್ಗ ಬಿಚ್ಚು," ಅಂದಳು.

ಮುತ್ಯಾ ಹೆದರುತ್ತಾ ಹೆದರುತ್ತಾ ಬಿಚ್ಚಿದ. ಪಾಠ ನಿಲ್ಲಲಿಲ್ಲ. ಶರೀಫಸಾಬರು ಚಹಾ ತರಿಸಿದರು. ಮುತ್ಯಾ ಬಸಿಯಲ್ಲಿ ಸುರಿದುಕೊಂಡು ಸೊರ್ ಸೊರ್ ಎಂದು ಕುಡಿದು ಮುಗಿಸಿದ. ಪಾಠ ಇನ್ನೂ ನಡೆದೇ ಇತ್ತು.

"ಬ್ಯಾಟರಿ ಅದರೀ ಒಳಗ. ಹೊಸಾದು ಹಾಕೀನಿ," ಅಂದರು ಶರೀಫಸಾಬರು.

"ಹೊಟ್ಟ್ಯಾಗ ಮೇವು ಅದ ಅನ್ರಿ," ಅಂದ ಮುತ್ಯಾ. ಆಮೇಲೆ ಎದ್ದುಹೋಗಿ, ಕಪಾಟಿನಲ್ಲಿದ್ದ ಲ್ಯಾಪ್‌ಟಾಪುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದ. ಎಲ್ಲಕ್ಕಿಂತ ಭಾರವಾದ, ಹೆಂಚಿನಷ್ಟು ದಪ್ಪನೆಯದೊಂದನ್ನು ಎದೆಗವಚಿಕೊಂಡು ಬಂದ. "ಹಂಗಾದ್ರ ಇದು ತಗೊಳ್ಳೂನು ದೇವಿ. ಮೈಯಾಗ ತೂಕ ಅದ. ಕಸುವು ಇರ್ತದ."

ದೇವಕ್ಕ ಕಿಸಕ್ಕನೆ ನಕ್ಕಳು. "ಮುತ್ಯಾ, ಕಂಪ್ಯೂಟರ್ ಭಾರ ಇದ್ದಷ್ಟೂ ಮುದುಕ ಅಂತ ಅರ್ಥ."

"ಹೌದೇನ್ರಿ?"

"ನಿಮ್ಮ ಮಮ್ಮಗಳು ಖರೇನೇ ಹೇಳಾಕತ್ತಾಳ್ರಿ. ಅದು ನನ್ನ ಅಂಗಡ್ಯಾಗ ಎಲ್ಲಕ್ಕಿಂತ ಹಳೇದು."

ಮುತ್ಯಾ ಅದನ್ನು ನಿಧಾನಕ್ಕೆ ಕೆಳಗಿಟ್ಟು, ಯಾರೂ ನೋಡಲಿಲ್ಲ ಎಂಬಂತೆ ಮೀಸೆ ಸವರಿಕೊಂಡ. "ಹಂಗಾದ್ರ ಹಲ್ಲರ ನೋಡು. ಒಂದೂ ಬಿಡಬ್ಯಾಡ."

ಈ ಸಲ ದೇವಕ್ಕನಿಗೆ ನಾಚಿಕೆಯಾಗಲಿಲ್ಲ. ಆಫೀಸಿನಲ್ಲಿ ದುಡಿದ ಲ್ಯಾಪ್‌ಟಾಪಿನ ಮುಂದೆ ಕುಳಿತು ಒಂದೊಂದೇ ಅಕ್ಷರ ಒತ್ತಿದಳು. ಎಲ್ಲವೂ ಬಂದವು. ಕೊನೆಗೆ ಮುತ್ಯಾನ ಹೆಸರು ಟೈಪ್ ಮಾಡಿದಳು. ಪರದೆಯ ಮೇಲೆ ಮೂಡಿದ್ದು, "ಅಯ್ಯನ್ನ".

ಮತ್ತೊಮ್ಮೆ ಒತ್ತಿದಳು. ಮತ್ತೂ "ಅಯ್ಯನ್ನ".

"ಮುತ್ಯಾ, ಇದರಾಗ ನೀ ಅಣ್ಣ ಹೋಗಿ ಅನ್ನ ಆಗೀದಿ," ಎಂದು ನಗುತ್ತಾ ಹೇಳಿದಳು. ಶಾಲೆಯಲ್ಲಿ ಕಲಿಸಿದಂತೆ, ಶಿಫ್ಟ್ ಎಂಬ ಕೀ ಒತ್ತಿಹಿಡಿದರೆ ತಾನೆ ನ ಹೋಗಿ ಣ ಬರುವುದು? ಆ ಶಿಫ್ಟೇ ಕೆಲಸ ಮಾಡುತ್ತಿರಲಿಲ್ಲ. "ಎಡಗಡೆ ಹಲ್ಲು ಒಂದು ಸತ್ತದ. ಬಲಗಡೆ ಅಂಥದೇ ಇನ್ನೊಂದು ಅದ, ತಡಿ." ಬಲಗಡೆಯದನ್ನು ಒತ್ತಿ ನೋಡಿದಳು. "ಅಯ್ಯಣ್ಣ" ಎಂದು ನೆಟ್ಟಗೆ ಬಂತು.

"ಕಾಲುವಿ ನೀರು ಬಂದ ಮ್ಯಾಲ ಜ್ವಾಳ ಬಿಟ್ಟು ಎಲ್ಲಾರೂ ನೆಲ್ಲು ಹಚ್ಚಿದ್ರು. ಈಗ ನನ್ನ ಹೆಸರಿನಾಗೂ ಅನ್ನ ಬಂತು ನೋಡ್ರಿ," ಅಂದ ಮುತ್ಯಾ. ಶರೀಫಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕೀ ಸತ್ತಿರುವುದು ಅವರಿಗೂ ಗೊತ್ತಿರಲಿಲ್ಲ. ಆಫೀಸಿನವರು ಬರೀ ಇಂಗ್ಲಿಷಿನಲ್ಲಿ ಲೆಕ್ಕ ಬರೆಯುತ್ತಿದ್ದರೋ ಏನೋ.

"ಒಂದು ಹಲ್ಲು ಹೋದ್ರೇನು, ಮೇಯ್ತದಲ್ಲ?" ಎಂದು ಮುತ್ಯಾ ದೇವಕ್ಕನ ಮುಖ ನೋಡಿದ. "ಹೇಳವ್ವ. ಯಾವುದು?"

ಮೂಲೆಯ ಕಂಪ್ಯೂಟರಿನ ಪ್ಲಗ್ಗನ್ನು ಶರೀಫಸಾಬರು ಮತ್ತೆ ಗೋಡೆಗೆ ಸಿಕ್ಕಿಸಿದ್ದರು. ಬಣ್ಣದ ಲೈಟುಗಳು ಮತ್ತೆ ಓಡುತ್ತಿದ್ದವು. ದೇವಕ್ಕ ಒಮ್ಮೆ ಆ ಕಡೆ ನೋಡಿದಳು. ಆಸೆ ಹೋಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ.

"ಇದು," ಎಂದು ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಳು.

ಮುತ್ಯಾ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮುಚ್ಚಿಕೊಂಡು ಮುಂದೆ ಚಾಚಿದ. ಎತ್ತಿನ ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಇದು ಕಂಪ್ಯೂಟರ್ ಅಂಗಡಿ ಎಂದು ದೇವಕ್ಕ ಹೇಳಬೇಕೆನ್ನುವಷ್ಟರಲ್ಲಿ ಶರೀಫಸಾಬರು ಅಂಗಿಯ ತೋಳು ಮಡಚಿ ಟವೆಲಿನೊಳಗೆ ಕೈ ತೂರಿಸಿಯೇಬಿಟ್ಟರು.

"ನಾ ಸಣ್ಣಾಂವ ಇದ್ದಾಗ ನಮ್ಮ ಅಬ್ಬಾ ಸಂತಿಗಿ ಕರ್ಕೊಂಡು ಹೋಗ್ತಿದ್ರು. ಮರತಿಲ್ರಿ."

ಟವೆಲು ಅಲ್ಲಾಡಿತು, ಉಬ್ಬಿತು, ನಿಂತಿತು. ಮುತ್ಯಾ ಹುಬ್ಬು ಗಂಟಿಕ್ಕಿದ. "ಮುಷ್ಟಿ ಹಿಡಿದಾರ ನೋಡು ಇವರು," ಎಂದು ದೇವಕ್ಕನಿಗೆ ಹೇಳಿದ. "ಬೆರಳು ಕೊಡದ ಮುಷ್ಟಿ ಹಿಡಿದ್ರಂದ್ರ, ಆ ರೇಟಿಗಿ ಕೊಡಂಗಿಲ್ಲ ಅಂತ ಅರ್ಥ. ಬಾ, ಹಲ್ಲು ಹುಡುಕಿದಾಕಿ ನೀನು. ಉಳಿದದ್ದು ನೀನೇ ಮುಗಸು. ಅವರ ಒಂದು ಬೆರಳು ಹಿಡಿ, ಒಂದು ಬೆರಳಿನಷ್ಟು ರೇಟು ಇಳಿಸ್ತಾರ."

ದೇವಕ್ಕ ಟವೆಲಿನೊಳಗೆ ಕೈ ಹಾಕಿದಳು. ಒಳಗೆ ಬೆಚ್ಚಗಿತ್ತು, ಕತ್ತಲಾಗಿತ್ತು. ಗಡಿಬಿಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿ ಹಿಡಿದುಕೊಂಡಳು.

"ಮುತ್ಯಾ, ಐದೂ ಬೆರಳು ಹಿಡಿದಾಳ ನಿಮ್ಮ ಹುಡುಗಿ. ಇನ್ನ ನಾ ಅಂಗಡಿ ಬಾಗಲಾ ಹಾಕಿ ಮನಿಗಿ ಹೋಗೋದೇ," ಎಂದು ಶರೀಫಸಾಬರು ನಕ್ಕರು. ದೇವಕ್ಕನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಂದೊಂದಾಗಿ ಬೆರಳು ಬಿಟ್ಟಳು. ಒಂದು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು. ಶರೀಫಸಾಬರು ಮುಷ್ಟಿ ಹಿಡಿಯಲಿಲ್ಲ. ವ್ಯಾಪಾರ ಮುಗಿಯಿತು.

ಹೊರಡುವಾಗ ಅವರು ಒಂದು ಮೌಸನ್ನು ಚೀಲಕ್ಕೆ ಹಾಕಿದರು. "ಇದು ನಿನಗ, ಸತ್ತ ಹಲ್ಲಿನ ಬದ್ಲಿ. ಕೆಳಗ ಕೆಂಪು ಲೈಟ್ ಅದ ನೋಡು. ಒಂದೇ ಅದ ಮತ್ತ, ಜಗಳಾಡಬ್ಯಾಡ."

ಸಂಜೆ ರೊಟ್ಟಿ ಮುಗಿದ ಮೇಲೆ ಅವ್ವ ಕೈ ತೊಳೆದುಕೊಂಡು ಬಂದು ಚಾಪೆಯ ಮೇಲೆ ಕುಳಿತಳು. ದೇವಕ್ಕ ಪೆನ್ ಡ್ರೈವ್ ಹಾಕಿಕೊಟ್ಟಳು. ಅಪ್ಪ ಬಾಗಿಲಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದ. ಪರದೆಯ ಟೀಚರ್ ಮತ್ತೆ ಅದೇ ಪ್ರಶ್ನೆ ಕೇಳಿದರು. "ವಿದ್ಯುತ್ ಎಂದರೇನು?"

ಕರೆಂಟು ಹೋಯಿತು.

ಓಣಿಯ ಹುಡುಗರೆಲ್ಲ ಓ ಎಂದು ಕೂಗಿದರು. ಫ್ಯಾನು ಗರಗರ ಎಂದು ನಿಂತಿತು. ದೇವಕ್ಕ ಉಸಿರು ಬಿಗಿಹಿಡಿದು ಅವ್ವನ ಕಡೆ ನೋಡಿದಳು. ಅವ್ವ ತಲೆಯೇ ಎತ್ತಲಿಲ್ಲ. ಪರದೆಯ ಬೆಳಕು ಅವಳ ಮುಖದ ಮೇಲಿತ್ತು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಪೆನ್ನು ಓಡುತ್ತಿತ್ತು. ಕರೆಂಟು ಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ನಿಂತಿತೇನು?" ಎಂದು ಮುತ್ಯಾ ಕತ್ತಲಲ್ಲಿ ಪಿಸುಗುಟ್ಟಿದ.

"ಇಲ್ಲ ಮುತ್ಯಾ. ನಡದದ."

ದೇವಕ್ಕ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಮೌಸನ್ನು ಮಗುಚಿ ಹಿಡಿದಳು. ಅಂಗೈ ಮೇಲೆ ಕೆಂಪನೆಯ ಒಂದು ಚುಕ್ಕೆ ಬಿತ್ತು. ಮುತ್ಯಾ ಪಕ್ಕಕ್ಕೆ ಸರಿದು ಕುಳಿತು, ಅವಳ ಕೈಮೇಲೆ ಟವೆಲ್ ಹೊದಿಸಿದ.

"ನಿಮ್ಮವ್ವನ ಈ ಕಂಪ್ಯೂಟರ್ ಈಗ ಯಾರರ ಕೇಳಾಕ ಬಂದ್ರಂತ ತಿಳಿ. ಆ ಲೈಟಿನ ಕಂಪ್ಯೂಟರ್ ಕೊಡ್ತೀನಂದ್ರು, ಮ್ಯಾಲ ರೊಕ್ಕಾನೂ ಕೊಡ್ತೀನಂದ್ರು. ಎಷ್ಟಕ್ಕ ಕೊಡ್ತಿ?"

ಮುತ್ಯಾನ ಒರಟು ಕೈ ಟವೆಲಿನ ಕೆಳಗೆ ಅವಳ ಬೆರಳು ಹುಡುಕಿತು. ಒಂದೂ ಸಿಗಲಿಲ್ಲ. ದೇವಕ್ಕ ಅವ್ವನನ್ನೇ ನೋಡುತ್ತಾ ಗಟ್ಟಿಯಾಗಿ ಮುಷ್ಟಿ ಹಿಡಿದಿದ್ದಳು.